ಶಾಕ್ ಬದಲಿಸಿದರೆ ಗಾಡಿ ಎತ್ತರ ಆಗುತ್ತಾ? ಸತ್ಯಾಂಶ

"ಗಟ್ಟಿ ಶಾಕ್ ಅಬ್ಸಾರ್ಬರ್ ಹಾಕಿಸಿ, ಗಾಡಿ ಎರಡು ಇಂಚು ಏಳುತ್ತೆ, ಕೆಳಗೆ ಕಲ್ಲು ತಾಗಲ್ಲ." ಬಳ್ಳಾರಿ ಕಡೆಯ ಜೀಪ್ ಗೆಳೆಯರ ವಾಟ್ಸಾಪಿನಲ್ಲಿ ಓಡಾಡುತ್ತಿರುವ ಮಾತು ಇದು. ಸರಿಯಲ್ಲ.

ಗಾಡಿಯ ಭಾರ ಹೊರುವುದು ಸ್ಪ್ರಿಂಗ್. ಶಾಕ್‌ನ ಕೆಲಸ ಆ ಸ್ಪ್ರಿಂಗಿನ ಕುಣಿತ ನಿಲ್ಲಿಸುವುದು, ಅಷ್ಟೇ. ಬಿಚ್ಚಿಟ್ಟ ಶಾಕ್ ಸಿಕ್ಕರೆ ಎರಡೂ ಕೈಯಿಂದ ಒತ್ತಿ ನೋಡಿ. ನಿಧಾನವಾಗಿ ಒಳಗೆ ಹೋಗುತ್ತದೆ. ಕೈಗೇ ಬಗ್ಗುವುದು ಎರಡು ಟನ್ ಗಾಡಿಯನ್ನು ಎತ್ತುತ್ತದೆಯೇ?

ಎತ್ತರ ಬೇಕಿದ್ದರೆ ಉದ್ದದ ಸ್ಪ್ರಿಂಗ್ ಅಥವಾ ಸ್ಪೇಸರ್ (ಸ್ಪ್ರಿಂಗಿಗೆ ಸೇರಿಸುವ ದಪ್ಪ ಬಿಲ್ಲೆ) ಬೇಕು. ಆಗ ಶಾಕ್ ಕೂಡ ಅದಕ್ಕೆ ತಕ್ಕಷ್ಟು ಉದ್ದ ಇರಬೇಕು. ಇಲ್ಲದಿದ್ದರೆ ಚಕ್ರ ಗುಂಡಿಗೆ ಇಳಿದಾಗ ಶಾಕ್ ಪೂರ್ತಿ ಎಳೆದುಕೊಂಡು 'ಟಕ್' ಅನ್ನುತ್ತದೆ.

ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಥಾರ್, ಬೊಲೆರೋದಂಥ ಗಾಡಿಗಳ ಹಿಂದಿನ ಆಕ್ಸಲ್ ನಡುವೆ ಉಬ್ಬಿಕೊಂಡಿರುವ ಡಿಫರೆನ್ಷಿಯಲ್ (ಎರಡೂ ಚಕ್ರಕ್ಕೆ ಶಕ್ತಿ ಹಂಚುವ ಗೇರ್ ಡಬ್ಬಿ) ಇದೆಯಲ್ಲ, ಹೀಗೆ ಸ್ಪ್ರಿಂಗ್ ಬದಲಿಸಿ ಗಾಡಿ ಲಿಫ್ಟ್ ಮಾಡಿಸಿದರೂ ಅದು ಒಂದು ಕೂದಲೆಳೆಯಷ್ಟೂ ಮೇಲೇರುವುದಿಲ್ಲ. ಏರುವುದು ಬಾಡಿ ಮಾತ್ರ. ಡಿಫರೆನ್ಷಿಯಲ್ ಏರಿಸುವುದು ದೊಡ್ಡ ಟಯರ್. ಅದೂ ಅಡ್ಡಳತೆಯಲ್ಲಿ ಎರಡು ಇಂಚು ದೊಡ್ಡ ಟಯರಿಗೆ ಒಂದೇ ಇಂಚು!

ಹಾಗಂತ ಒಳ್ಳೆಯ ಶಾಕ್ ಸುಮ್ನೆ ಖರ್ಚಲ್ಲ. ಸಂಡೂರು ಕಡೆಯ ಅದಿರಿನ ಕೆಂಪು ಧೂಳಿನ ದಾರಿಯಲ್ಲಿ ಗಡಗಡ ಅನ್ನುತ್ತಾ ಹೋದರೆ ಶಾಕ್ ಒಳಗಿನ ಎಣ್ಣೆ ಕಾದು ನೊರೆಯಾಗುತ್ತದೆ, ಹಿಡಿತ ತಪ್ಪುತ್ತದೆ. ನೈಟ್ರೋಜನ್ ತುಂಬಿದ ಶಾಕ್ ಆ ನೊರೆಯನ್ನು ತಡೆಯುತ್ತದೆ.

ಗಾಡಿ ಎತ್ತಿದರೆ ತಿರುವಿನಲ್ಲಿ ವಾಲುವುದೂ ಜಾಸ್ತಿ. ಚಕ್ರಗಳ ಅಲೈನ್‌ಮೆಂಟ್ ಮಾಡಿಸಲು ಮರೆಯಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮಾರ್ಪಾಡಿಗೆ ಮಿತಿ ಹಾಕಿದೆ, ಹಣ ಕೊಡುವ ಮೊದಲೇ ಆರ್‌ಟಿಒದಲ್ಲಿ ಕೇಳಿ.