ವಿಯೆನ್ನಾದ ಒಪ್ಪಂದ, ಉದ್ಯಮಬಾಗದ ಪರ್ಚೇಸ್ ಆರ್ಡರ್

ಅಣ್ವಸ್ತ್ರ ಹರಡದಂತೆ ತಡೆಯುವ ರಾಜತಾಂತ್ರಿಕತೆ ಅಂದ ಕೂಡಲೇ ವಿಯೆನ್ನಾದ ಸಭಾಂಗಣ, ಕೈಕುಲುಕುವ ಮಂತ್ರಿಗಳು ನೆನಪಾಗುತ್ತಾರೆ. ಅಲ್ಲಿ ಆದ ಸಹಿ ಉಳಿಯುವುದೋ ಅಳಿಯುವುದೋ ಅನ್ನುವುದು ತೀರ್ಮಾನವಾಗುವುದು ಮಾತ್ರ ಬೆಳಗಾವಿಯ ಉದ್ಯಮಬಾಗ, ಮಚ್ಛೆ, ಹತ್ತರಗಿಯಂಥ ಕೈಗಾರಿಕಾ ಪ್ರದೇಶಗಳಲ್ಲಿ. ಹೀಗಂದರೆ ನಮ್ಮ ವರ್ಕ್‌ಶಾಪ್ ಮಾಲೀಕರದು ಒಂದೇ ಉತ್ತರ: "ನಾವು ಬರೇ ಜಾಬ್‌ವರ್ಕ್ ಮಾಡೋವ್ರ ರೀ ಸಾಹೇಬ್ರ, ಬಾಂಬಿಗೂ ನಮಗೂ ಏನ್ ಸಂಬಂಧ?"

ಮಲೇಷ್ಯಾದ ಶಾ ಆಲಂನ ಒಂದು ಕಾರ್ಖಾನೆಯೂ ಹೆಚ್ಚುಕಡಿಮೆ ಇದನ್ನೇ ಹೇಳಿತ್ತು. ಅದು ತಿರುವಿ ಕೊಟ್ಟ ಅಲ್ಯುಮಿನಿಯಂ ಭಾಗಗಳು ದುಬೈಗೆ ಹೋದವು, ಅಲ್ಲಿಂದ 'ಬಿಬಿಸಿ ಚೈನಾ' ಎಂಬ ಹಡಗು ಹತ್ತಿದವು (ಸುದ್ದಿಯ ಬಿಬಿಸಿಗೂ ಈ ಹಡಗಿಗೂ ಸಂಬಂಧವಿಲ್ಲ). 2003ರ ಅಕ್ಟೋಬರಿನಲ್ಲಿ ಅದನ್ನು ಇಟಲಿಯ ಟಾರಂಟೋ ಬಂದರಿಗೆ ತಿರುಗಿಸಿ ಐದು ಕಂಟೇನರ್ ಇಳಿಸಿದರು. ಒಳಗಿದ್ದದ್ದು ಲಿಬಿಯಾಕ್ಕೆ ಹೊರಟಿದ್ದ ಸೆಂಟ್ರಿಫ್ಯೂಜ್ (ಯುರೇನಿಯಂ ಬೇರ್ಪಡಿಸುವ ಅತಿವೇಗದ ಯಂತ್ರ) ಭಾಗಗಳು, ಪಾಕಿಸ್ತಾನದ ಅಣುವಿಜ್ಞಾನಿ ಎ.ಕ್ಯೂ. ಖಾನ್ ಕಳ್ಳಜಾಲದ ಮಾಲು. ಡಿಸೆಂಬರ್ 19ಕ್ಕೆ ಲಿಬಿಯಾದ ಗಡಾಫಿ ಸರ್ಕಾರ ಅಣ್ವಸ್ತ್ರ ಕಾರ್ಯಕ್ರಮವನ್ನೇ ಕೈಬಿಟ್ಟಿತು. ಅದಾಗಿ ನಾಲ್ಕೇ ತಿಂಗಳಿಗೆ, 2004ರ ಏಪ್ರಿಲ್ 28ರಂದು, ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1540ನೇ ನಿರ್ಣಯ ಮಾಡಿತು. ಎನ್‌ಪಿಟಿಗೆ (ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದ) ಸಹಿ ಹಾಕದ ದೇಶಗಳೂ ರಫ್ತಿನ ಮೇಲೆ ಕಾನೂನಿನ ಹಿಡಿತ ಇಡಲೇಬೇಕು ಎಂದಿತು. ನಮ್ಮ 2005ರ ಸಾಮೂಹಿಕ ವಿನಾಶದ ಅಸ್ತ್ರಗಳ ಕಾಯ್ದೆ ಬಂದದ್ದು ಅದರ ಮರುವರ್ಷ.

ಬಿಡಿಭಾಗಕ್ಕೆ ಇಷ್ಟೊಂದು ಕಾವಲು ಯಾಕೆ? ಗಣಿಯ ಯುರೇನಿಯಂನಲ್ಲಿ, ಸೀಳಿದಾಗ ಶಕ್ತಿ ಕೊಡುವ ಯುರೇನಿಯಂ-235ರ ಪಾಲು ಬರೀ ಶೇ. 0.7. ವಿದ್ಯುತ್ತಿಗೆ ಶೇ. 3ರಿಂದ 5, ಬಾಂಬಿಗೆ ಶೇ. 90ರ ಸುಮಾರು ಬೇಕು. ಅನಿಲವಾಗಿಸಿದ ಯುರೇನಿಯಂ ಅನ್ನು ತೆಳುಗೋಡೆಯ ಸಿಲಿಂಡರಿನಲ್ಲಿ ನಿಮಿಷಕ್ಕೆ 60,000 ಸುತ್ತಿನ ಆಸುಪಾಸು ತಿರುಗಿಸಿ ಹಗುರವಾದ 235ನ್ನು ಬೇರೆ ಮಾಡುತ್ತಾರೆ. ಅಂಥ ಯಂತ್ರ ಸಾವಿರಗಟ್ಟಲೆ ಬೇಕು. ಘೋಷಿತ ಸ್ಥಾವರದಲ್ಲಾದರೆ ಐಎಇಎ (ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ) ತಪಾಸಕರು ಸೀಲ್ ಹಾಕಿ, ಕ್ಯಾಮೆರಾ ಇಟ್ಟು ಲೆಕ್ಕ ಹಿಡಿಯುತ್ತಾರೆ. ಅವರು ಕಣ್ಣಿಡುವ ಗಡಿ 8 ಕೆಜಿ ಪ್ಲುಟೋನಿಯಂ, ಇಲ್ಲವೇ ಹೆಚ್ಚು ಸಂವರ್ಧಿತ (235ರ ಪಾಲು ಏರಿಸಿದ) ಯುರೇನಿಯಂನಲ್ಲಿ 25 ಕೆಜಿ 235. ಗುಟ್ಟಾಗಿ ಕಟ್ಟಿದ ಕಡೆ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಸುಳಿವು ಸಿಗುವುದೇ ಖರೀದಿಯಲ್ಲಿ.

ಹಾಗಾಗಿ ಅಣು ಸಾಮಗ್ರಿಯ ರಫ್ತಿಗೆ ನಿಯಮ ಮಾಡುವ ದೇಶಗಳ ಕೂಟವಾದ ಪರಮಾಣು ಪೂರೈಕೆದಾರರ ಗುಂಪಿನ ಪಟ್ಟಿ ನಮ್ಮ ಲೇಥಿನ ಭಾಷೆಯಲ್ಲೇ ಇದೆ. 460 ಮೆಗಾಪಾಸ್ಕಲ್ (ಎಳೆತ ತಾಳುವ ಬಲದ ಅಳತೆ) ಇಲ್ಲವೇ ಮೇಲ್ಪಟ್ಟ ಶಕ್ತಿ ಕೊಡಬಲ್ಲ ಅಲ್ಯುಮಿನಿಯಂ, ಹೊರವ್ಯಾಸ 75 ಮಿಮೀ ದಾಟಿದ ಟ್ಯೂಬ್ ಅಥವಾ ಫೋರ್ಜಿಂಗ್ ಸೇರಿದಂತೆ ಗಟ್ಟಿ ದುಂಡು ತುಂಡು ಆದರೆ ನಿಯಂತ್ರಿತ. ಇಲ್ಲಿ "ಕೊಡಬಲ್ಲ" ಅನ್ನುವುದರಲ್ಲೇ ಜನ ಎಡವುವುದು. 7075 ಎಂಬ ಗಟ್ಟಿ ಅಲ್ಯುಮಿನಿಯಂ ಮಿಶ್ರಲೋಹವನ್ನು ಹೀಟ್ ಟ್ರೀಟ್‌ಮೆಂಟ್ ಮಾಡದೆ ಮೆತ್ತಗೇ ಕಳಿಸಿದರೂ ಅದು ಪಟ್ಟಿಯೊಳಗೇ. ಮಾಮೂಲಿ ಮಿಶ್ರಲೋಹ 6061, ಟಿ6 ಹದ ಮಾಡಿದರೂ ಸುಮಾರು 310ಕ್ಕೆ ನಿಲ್ಲುತ್ತದೆ, ಚಿಂತೆಯಿಲ್ಲ. ಅದೇ 7075ರಲ್ಲಿ ಮಿಲ್ಲಿಂಗ್ ಮಾಡಿದ ವಿಮಾನದ ಬ್ರಾಕೆಟ್ ಟ್ಯೂಬೂ ಅಲ್ಲ, ದುಂಡೂ ಅಲ್ಲ, ಆ ಕಲಮಿಗೆ ಬರುವುದಿಲ್ಲ. ಮ್ಯಾರೇಜಿಂಗ್ ಸ್ಟೀಲ್ ಎಂಬ ಅತಿಗಟ್ಟಿ ಉಕ್ಕಿಗೆ ಗಡಿ 1950 ಮೆಗಾಪಾಸ್ಕಲ್. ಮೋಟರ್ ಡ್ರೈವ್‌ಗಳಲ್ಲಿ 600 ಹರ್ಟ್ಜ್ ದಾಟಿ, ಫ್ರೀಕ್ವೆನ್ಸಿಯನ್ನು ಕರಾರುವಾಕ್ಕಾಗಿ ಹಿಡಿಯಬಲ್ಲವು ಸಿಕ್ಕಿಬೀಳುತ್ತವೆ. ಪಂಪಿನ ಮಾಮೂಲಿ ಡ್ರೈವಿಗೆ ಅಷ್ಟು ಬೇಕಾಗುವುದೇ ಇಲ್ಲ.

ಸಂಖ್ಯೆ ನೋಡಿ ಗಾಬರಿಬಿದ್ದರೂ ಅನಾಹುತವೇ. 2001ರಲ್ಲಿ ಜೋರ್ಡಾನ್‌ನಲ್ಲಿ ಹಿಡಿದ, ಇರಾಕಿಗೆ ಹೊರಟಿದ್ದ ಟ್ಯೂಬುಗಳು 7075 ಟಿ6, ವ್ಯಾಸ 81 ಮಿಮೀ. ಸೆಂಟ್ರಿಫ್ಯೂಜಿಗೇ ಎಂದು ಅಮೆರಿಕ ವಾದಿಸಿತು. ರಾಕೆಟ್ಟಿನದ್ದಿರಬೇಕು ಎಂದು ಐಎಇಎ ಹೇಳಿದರೂ 2003ರ ಯುದ್ಧ ನಿಲ್ಲಲಿಲ್ಲ. ಐಎಇಎ ಹೇಳಿದ್ದೇ ಸರಿ ಅಂತ ಗೊತ್ತಾಗುವಷ್ಟರಲ್ಲಿ ಬಾಗ್ದಾದ್ ಬಿದ್ದಿತ್ತು.

ನಮ್ಮಲ್ಲಿ ಈ ಪಟ್ಟಿಯ ಹೆಸರು ಸ್ಕೊಮೆಟ್. ದೊಡ್ಡ ತಪ್ಪು ಶುರುವಾಗುವುದು ಕಸ್ಟಮ್ಸ್ ಏಜೆಂಟರ ಒಂದು ಮಾತಿನಿಂದ: "ಎಚ್‌ಎಸ್ ಕೋಡ್ ಫ್ರೀ ಐತಿ, ಕಳಸ್ರಿ." ಆ ಕೋಡ್ ಇರುವುದು ಸುಂಕಕ್ಕೆ. ಒಂದೇ ಕೋಡಿನಡಿ ನೀರಿನ ಪೈಪೂ ಇರಬಹುದು, ನಿಯಂತ್ರಿತ ಟ್ಯೂಬೂ ಇರಬಹುದು. ಹಿಡಿದು ನೋಡಬೇಕಾದ್ದು ಮಿಲ್ ಟೆಸ್ಟ್ ಸರ್ಟಿಫಿಕೇಟ್ (ಲೋಹದ ಗುಣ ಹೇಳುವ ಪತ್ರ) ಮತ್ತು ಡ್ರಾಯಿಂಗ್. ಪಟ್ಟಿಯಲ್ಲಿದ್ದರೆ, ವಸ್ತುವಿನ ವರ್ಗ ನೋಡಿಕೊಂಡು ಡಿಜಿಎಫ್‌ಟಿಗೋ (ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ) ಅಣುಶಕ್ತಿ ಇಲಾಖೆಗೋ ಅರ್ಜಿ ಹಾಕಬೇಕು, ಜೊತೆಗೆ ಕೊನೆಯ ಬಳಕೆದಾರನ ಪ್ರಮಾಣಪತ್ರ. ಡ್ರಾಯಿಂಗನ್ನು ಇಮೇಲಿನಲ್ಲಿ ಕಳಿಸಿದರೂ ರಫ್ತೇ, ಪುಕ್ಕಟೆ ಸ್ಯಾಂಪಲ್ಲೂ ರಫ್ತೇ. ಪುಣೆಯ ಟ್ರೇಡರ್‌ಗೆ ಮಾರಿದರೆ ಲೈಸೆನ್ಸಿನ ಹೊಣೆ ಅವನದು, ನಿಜ. ಗೊತ್ತಿದ್ದೂ ಕೊಟ್ಟರೆ ಕಾಯ್ದೆ ನಿಮ್ಮನ್ನೂ ಬಿಡುವುದಿಲ್ಲ.

ಇನ್ನು "ಎನ್‌ಪಿಟಿಯೇ ತಾರತಮ್ಯದ್ದು, ನಾವ್ಯಾಕೆ ಪಾಲಿಸಬೇಕು" ಎನ್ನುವವರಿಗೆ. ತಾರತಮ್ಯ ಹೌದು: 1967ರ ಜನವರಿ 1ಕ್ಕೆ ಮೊದಲು ಅಣುಬಾಂಬ್ ಸ್ಫೋಟಿಸಿದ ಐದು ದೇಶಗಳಿಗೆ ಒಂದು ನ್ಯಾಯ, ಉಳಿದವರಿಗೆ ಇನ್ನೊಂದು. ಆದರೆ 2008ರ ಸೆಪ್ಟೆಂಬರ್ 6ರಂದು ಪೂರೈಕೆದಾರರ ಗುಂಪು ಅಣು ವ್ಯಾಪಾರಕ್ಕೆ ಭಾರತಕ್ಕೆ ವಿನಾಯಿತಿ ಕೊಟ್ಟಾಗ ನಾವು ಮುಂದಿಟ್ಟದ್ದರಲ್ಲಿ ರಫ್ತು ನಿಯಂತ್ರಣವೂ ಇತ್ತು. ಆ ಗುಂಪಿನಲ್ಲಿ ನಮ್ಮ ಸದಸ್ಯತ್ವಕ್ಕೆ ಚೀನಾ ಇನ್ನೂ ಅಡ್ಡ ನಿಂತಿದೆ. ಬೆಳಗಾವಿಯ ಒಂದು ಪೆಟ್ಟಿಗೆ ಎಲ್ಲೋ ಸಿಕ್ಕಿಬಿದ್ದರೆ ಅವರಿಗೆ ಬೇರೆ ಸಾಕ್ಷಿ ಬೇಕಿಲ್ಲ.

ನನ್ನ ತಕರಾರು ಸರ್ಕಾರದ ಮೇಲೂ ಇದೆ. ಇಷ್ಟೆಲ್ಲ ನಿಯಮ ಇಂಗ್ಲಿಷಿನಲ್ಲಿ ನೂರಾರು ಪುಟ. ಹತ್ತು ಜನರ ಶೆಡ್ಡಿನಲ್ಲಿ ಓದುವವರಾರು? ಜಿಲ್ಲಾ ಕೈಗಾರಿಕಾ ಕೇಂದ್ರದವರು ಮೇಲಿನ ಸಂಖ್ಯೆಗಳನ್ನು ಕನ್ನಡದಲ್ಲಿ, ಬೇಕಿದ್ದರೆ ಮರಾಠಿಯಲ್ಲೂ, ಒಂದೇ ಹಾಳೆಯಲ್ಲಿ ಅಚ್ಚು ಹಾಕಿ ಸ್ಟೋರಿನ ಗೋಡೆಗೆ ಅಂಟಿಸಲಿ. ಕೆಳಗೆ ಇಷ್ಟು ಬರೆಯಲಿ: ಗಿರಾಕಿಯ ವಿಳಾಸ ಬರೀ ಸರಕು ಸಾಗಣೆ ಏಜೆನ್ಸಿಯದ್ದೇ? ಹೇಳುವ ಬಳಕೆಗಿಂತ ಟಾಲರೆನ್ಸ್ ವಿಪರೀತ ಬಿಗಿಯೇ? ಇನ್‌ಸ್ಟಲೇಶನ್, ಸರ್ವಿಸ್ ಬೇಡವೆನ್ನುತ್ತಾನೆಯೇ? ಹೌದಾದರೆ ಅಡ್ವಾನ್ಸ್ ಮುಟ್ಟುವ ಮೊದಲೇ ಡಿಜಿಎಫ್‌ಟಿಯನ್ನು ಕೇಳಿ. ದುಡ್ಡು ಖಾತೆಗೆ ಬಿದ್ದು, ಮಟೀರಿಯಲ್ ಕಟಿಂಗ್ ಆದ ಮೇಲೆ ಇಲ್ಲ ಎನ್ನುವ ಧೈರ್ಯ ಯಾರಿಗೂ ಬರುವುದಿಲ್ಲ.