ಫ್ರಿಜ್ ಬಾಗಿಲ ಮೇಲೆ ಹತ್ತು ಪದ

ಮಂಡ್ಯದ ನಮ್ಮ ಮನೆಯ ಫ್ರಿಜ್ ಬಾಗಿಲ ಮೇಲೆ ಮೊದಲು ಹಾಲಿನ ಲೆಕ್ಕ ಇರುತ್ತಿತ್ತು. ಈಗ ದಿನಕ್ಕೆ ಹತ್ತರಂತೆ ಇಂಗ್ಲಿಷ್ ಪದಗಳು. ಮಗಳು ವಿದೇಶದಲ್ಲಿ ಹೆಚ್ಚಿನ ಓದಿಗೆ ಸೇರಲು ಬರೆಯುವ ಜಿಆರ್‌ಇ ಪರೀಕ್ಷೆಗೆ ಓದುತ್ತಿದ್ದಾಳೆ. ಚೀಟಿಯ ಮುಂದೆ ಪದ, ಹಿಂದೆ ಅರ್ಥ. ಪರೀಕ್ಷೆ ಅವಳಿಗೆ, ಚಟ ಹತ್ತಿದ್ದು ನನಗೆ. ತಣ್ಣೀರು ಬಾಟ್ಲಿ ತೆಗೆಯಲು ಹೋದವನು ಬಾಗಿಲು ತೆರೆಯೋದನ್ನೇ ಮರೆತು ನಿಂತಿರುತ್ತೇನೆ.

ಆದರೆ ಐವತ್ತು ದಾಟಿದ ತಲೆಗೆ ಪದ ಸುಮ್ನೆ ಅಂಟೋದಿಲ್ಲ. ಬೆಳಗ್ಗೆ ಬಾಯಿಪಾಠ ಮಾಡಿದ್ದು ಮಧ್ಯಾಹ್ನದ ಮುದ್ದೆ ಜೊತೆ ಇಳಿದುಹೋಗಿರುತ್ತದೆ. ಕಟ್ಟಿಹಾಕೋಕೆ ನಮ್ಮೂರಿನದೇ ಒಂದು ಗೂಟ ಬೇಕು.

ಪ್ರೊಕ್ರಾಸ್ಟಿನೇಟ್ ಅನ್ನೋದನ್ನೇ ತಗೊಳ್ಳಿ. ಕೆಲಸ ಮುಂದೂಡೋದು ಅಂತ ಚೀಟಿಯ ಹಿಂದೆ ಇತ್ತು. ಮೂರು ದಿನ ಓದಿ ಮೂರು ದಿನವೂ ಮರೆತೆ. ಕೊನೆಗೆ ನಿಘಂಟು ತೆಗೆದರೆ, ಅದರೊಳಗೆ ಕೂತಿರೋದು ‘ಕ್ರಾಸ್’. ಲ್ಯಾಟಿನ್‌ನಲ್ಲಿ ಹಾಗಂದರೆ ನಾಳೆ. ತಕ್ಷಣ ಪಾಂಡವಪುರದ ಕಡೆ ಇದ್ದ ನಮ್ಮಜ್ಜಿ ಮನೆಯ ಕದ ಕಣ್ಣ ಮುಂದೆ ಬಂತು. ಅದರ ಮೇಲೆ ಸುಣ್ಣದಲ್ಲಿ ದಪ್ಪಕ್ಕೆ ‘ನಾಳೆ ಬಾ’ ಅಂತ ಬರೆದಿತ್ತು. ರಾತ್ರಿ ದೆವ್ವ ಬರುತ್ತದಂತೆ, ಅದನ್ನು ಓದಿಕೊಂಡು ವಾಪಸ್ ಹೋಗುತ್ತದಂತೆ. ಮಾರನೇ ರಾತ್ರಿ ಬಂದರೂ ಕದದ ಮೇಲೆ ಅದೇ ಮಾತು. ಅಜ್ಜಿಗೆ ಓದು ಬರುತ್ತಿರಲಿಲ್ಲ, ದೆವ್ವಕ್ಕೆ ಬರುತ್ತಿತ್ತು. ಒಂದು ಮಳೆಗಾಲದಲ್ಲಿ ಎರಚಲು ಬಡಿದು ದೀರ್ಘ ಅಳಿಸಿಹೋಗಿ ‘ನಾಳೆ ಬ’ ಅಂತಷ್ಟೇ ಉಳಿಯಿತು. ದೆವ್ವ ಅದನ್ನೂ ಅರ್ಥ ಮಾಡಿಕೊಂಡಿತು ಅನ್ನಿಸುತ್ತೆ, ಯಾವ ತೊಂದರೆಯೂ ಆಗಲಿಲ್ಲ.

ಅವತ್ತಿನಿಂದ ಆ ಪದ ಮರೆತಿಲ್ಲ. ಒಂದೇ ಕಷ್ಟ. ಹೆಂಡತಿ ಬ್ಲೌಸು ತರಲು ಹೋದಾಗ ಟೈಲರ್ ‘ನಾಳೆ ಬನ್ನಿ ಮೇಡಂ’ ಅಂದರೆ ನನಗೆ ಅಜ್ಜಿ ಮನೆಯ ಕದ ನೆನಪಾಗುತ್ತದೆ. ಇದನ್ನು ಮನೆಯಲ್ಲಿ ಹೇಳಿಲ್ಲ.

ಗೂಟ ಸಿಕ್ಕರೂ ಒಮ್ಮೊಮ್ಮೆ ಎಡವಟ್ಟಾಗುತ್ತದೆ. ಎಗ್ರೀಜಿಯಸ್ ಅನ್ನೋದರ ಮೂಲ ಅರ್ಥ ಮಂದೆಯಿಂದ ಆಚೆ ನಿಂತದ್ದು. ನನಗೆ ಮಳವಳ್ಳಿ ಕಡೆಯ ಬಂಡೂರು ಕುರಿ ಹೊಳೆಯಿತು. ಗಿಡ್ಡ ಕಾಲು, ತುಂಬಿದ ಮೈ, ಎಷ್ಟು ಕುರಿ ನಡುವೆ ನಿಂತರೂ ಕಣ್ಣು ಅದರ ಮೇಲೇ. ಸರಿ, ಇದು ಹೊಗಳಿಕೆಯೇ ಇರಬೇಕು ಅಂತ ನಿವೃತ್ತರಾಗುತ್ತಿದ್ದ ಹಿರಿಯರೊಬ್ಬರಿಗೆ ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ ‘ನಿಮ್ಮ ಎಗ್ರೀಜಿಯಸ್ ಸೇವೆಗೆ ಧನ್ಯವಾದ’ ಅಂತ ಬರೆದೆ. 16ನೇ ಶತಮಾನದಲ್ಲಾಗಿದ್ದರೆ ಇಂಗ್ಲಿಷಿನವರೂ ಒಪ್ಪುತ್ತಿದ್ದರು. ಈಗ ಅದರ ಅರ್ಥ ಎದ್ದು ಕಾಣುವಷ್ಟು ಕೆಟ್ಟದ್ದು ಅಂತ. ಸಂಜೆ ಮಗಳು ನೋಡಿ ತಲೆ ಚಚ್ಚಿಕೊಂಡಳು. ಅಷ್ಟರಲ್ಲಿ ಹದಿನೆಂಟು ಜನ ಚಪ್ಪಾಳೆ ತಟ್ಟಿದ್ದರು. ಆ ಹಿರಿಯರೂ ಕೈಮುಗಿದ ಚಿತ್ರ ಹಾಕಿದ್ದರು. ಅಳಿಸಲು ಹೋಗಲಿಲ್ಲ.

ಮೊನ್ನೆ ಪೆಟ್ರಿಕೋರ್ ಸರದಿ. ಒಣ ನೆಲಕ್ಕೆ ಮಳೆ ಬಿದ್ದಾಗ ಏಳುವ ವಾಸನೆ. 1964ರಲ್ಲಿ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು ಕಟ್ಟಿದ ಪದವಂತೆ. ಗ್ರೀಕಿನ ಕಲ್ಲು ಅನ್ನೋ ಮಾತಿಗೆ, ಅಲ್ಲಿನ ದೇವತೆಗಳ ನರದಲ್ಲಿ ಹರಿಯೋ ರಸದ ಹೆಸರನ್ನು ಸೇರಿಸಿದ್ದಾರೆ. ಅವರೆಕಾಯಿ ಬಿಡಿಸುತ್ತಿದ್ದ ನಮ್ಮವ್ವನಿಗೆ ಮಗಳು ಇದನ್ನೆಲ್ಲ ಬಿಡಿಸಿ ಹೇಳಿದಳು.

‘ವಾಸ್ನೆಗೂ ಹೆಸ್ರು ಮಡಗವ್ರಾ?’ ಅಂದಳು ಅವ್ವ. ‘ಹಂಗಾದ್ರೆ ಆಲೆಮನೇಲಿ ಪಾಕ ಹದಕ್ಕೆ ಬಂದಾಗ ಗಮ್ ಅಂತದಲ್ಲ, ಅದ್ಕೇನವ್ವ ಅಂತಾರೆ?’

ಮಗಳು ಸ್ವಲ್ಪ ತಡವರಿಸಿ, ಬೆಲ್ಲಕ್ಕೆ ಜಾಗರಿ ಅಂತಾರೆ ಅಜ್ಜಿ, ಅದು ನಮ್ಮ ಶರ್ಕರಾದಿಂದಲೇ ಹುಟ್ಟಿ ಪೋರ್ಚುಗೀಸರ ಬಾಯಿ ದಾಟಿ ಇಂಗ್ಲಿಷಿಗೆ ಹೋಗಿದ್ದು ಅಂತ ಶುರು ಮಾಡಿದಳು.

‘ಬೆಲ್ಲ ಕೇಳ್ನಿಲ್ಲ ಕಣವ್ವ, ವಾಸ್ನೆ ಕೇಳ್ದೆ.’

ಮಗಳು ಚೀಟಿಗಳ ಕಟ್ಟನ್ನು ತಿರುವಿ ಹಾಕಿದಳು. ಆಮೇಲೆ ಫೋನ್ ತೆಗೆದಳು. ಅವ್ವ ಇನ್ನೊಂದಿಷ್ಟು ಅವರೆಕಾಯಿ ಮೊರಕ್ಕೆ ಸುರಿದುಕೊಂಡು ಕಾಯುತ್ತಾ ಕೂತಳು.