ವಾಕ್ಯದ ಬಾಲ

"ಅಣ್ಣಾ, ಇವರಿಗೆ ಆ ಕೆಲಸ ಸಿಕ್ಕ..." ಅನ್ನುವಷ್ಟರಲ್ಲಿ ವಿಡಿಯೋ ಕಾಲಿನಲ್ಲಿ ಹ್ಯಾಂಬರ್ಗಿನಲ್ಲಿರುವ ತಂಗಿಯ ಬಾಯಿ ತೆರೆದಂತೆಯೇ ನಿಂತುಬಿಟ್ಟಿತು. ಸಿಕ್ಕಿತೋ, ಸಿಕ್ಕಲಿಲ್ಲವೋ? ಹಿಗ್ಗಿದ ಮುಖ ಮಾಡಿದರೂ ಕಷ್ಟ, ಪೇಚಾಡುವ ಮುಖ ಮಾಡಿದರೂ ಕಷ್ಟ. ಆ ಕಡೆ ನಾನು ಸರಾಗವಾಗಿ ಕಾಣುತ್ತಿದ್ದರೆ? ಎರಡಕ್ಕೂ ಸಲ್ಲುವಂಥ ಒಂದು ಮುಖ ಹೊತ್ತು ಕೂತೆ. ಹಿಂದಿನಿಂದ ಬಂದ ಹೆಂಡತಿ, "ಯಾಕ್ರೀ, ಹೊಟ್ಟೆ ಸರಿಯಿಲ್ವಾ?" ಅಂದಳು.

ಮಾತು ಮತ್ತೆ ಬರುವ ಹೊತ್ತಿಗೆ ತಂಗಿ ಅಲ್ಲಿನ ಚಳಿಯ ವಿಷಯಕ್ಕೆ ದಾಟಿಯಾಗಿತ್ತು. ಪುನಃ ಕೇಳೋಣವೆಂದರೆ, "ಆಗ್ಲೇ ಹೇಳಿದ್ನಲ್ಲ, ನೀನು ಗಮನ ಕೊಡೋದೇ ಇಲ್ಲ" ಎಂಬ ಹಳೆಯ ಆರೋಪ ತಯಾರಾಗಿರುತ್ತದೆ.

ಪಕ್ಕದ ಮನೆಯ ಹುಡುಗ ನೆಟ್‌ವರ್ಕ್ ಎಂಜಿನಿಯರ್. ಅವನನ್ನು ಹಿಡಿದು ವಿಚಾರಿಸಿದೆ. "ನೆಟ್ಟಲ್ಲಿ ಎಲ್ಲಾನೂ ಪ್ಯಾಕೆಟ್ ಅಂತ ಚೂರು ಚೂರಾಗಿ ಹೋಗುತ್ತೆ. ಮೇಲ್ ಆದ್ರೆ ಕಳೆದುಹೋದ ಪ್ಯಾಕೆಟ್ಟನ್ನ ಮತ್ತೆ ತರಿಸ್ಕೋತಾರೆ ಅಂಕಲ್. ವಿಡಿಯೋ ಕಾಲಲ್ಲಿ ಅದಕ್ಕೆಲ್ಲ ಟೈಮಿಲ್ಲ. ಲೇಟಾಗಿ ಬಂದ್ರೂ ಬಿಸಾಕೋದೇ" ಅಂದ. ಅಂದರೆ ತಂಗಿಯ ವಾಕ್ಯದ ಬಾಲ ಮೆಡಿಟರೇನಿಯನ್ ದಾಟಿ, ಈಜಿಪ್ಟಿನ ನೆಲ ಹಾಯ್ದು, ಕೆಂಪು ಸಮುದ್ರದ ತಳದಲ್ಲಿ ಗಾಜಿನ ಎಳೆಯೊಳಗೆ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ವೇಗದಲ್ಲಿ ಓಡಿ, ಮುಂಬೈಯಲ್ಲಿ ದಡ ಹತ್ತಿ, ಮೈಸೂರಿನ ನನ್ನ ಫೋನಿನ ತನಕ ಬಂದಿದ್ದರೂ ಬಂದಿರಬಹುದು. ರೆಪ್ಪೆ ಮಿಟುಕಿಸುವಷ್ಟು ಹೊತ್ತು ತಡವಾಯಿತೆಂದು ಹೊಸ್ತಿಲಲ್ಲೇ ಎತ್ತಿ ಎಸೆದರು. ನಮ್ಮ ಬಡಾವಣೆಯ ಸಂಘದ ಸಭೆಗೆ ಮುಕ್ಕಾಲು ಗಂಟೆ ತಡವಾಗಿ ಬರುವ ಅಧ್ಯಕ್ಷರಿಗೆ ಹಾರ ಹಾಕುತ್ತಾರೆ.

2008ರ ಜನವರಿಯಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಬಳಿ ಸಮುದ್ರದ ಕೇಬಲ್ ತುಂಡಾಗಿ ಇಲ್ಲಿ ಇಂಡಿಯಾದ ಇಂಟರ್‌ನೆಟ್ಟೇ ಕುಂಟಿತ್ತು ಎಂದೂ ಹುಡುಗ ಸೇರಿಸಿದ, ನನಗೆ ಸಮಾಧಾನವಾಗಲಿ ಎಂದಿರಬೇಕು.

"ಇದಕ್ಕಿಂತ ಪಾರಿವಾಳ ವಾಸಿ" ಎಂದು ಗೊಣಗಿದೆ. ಅವನು ನಗಲಿಲ್ಲ. "ಅದಕ್ಕೂ ಸ್ಟ್ಯಾಂಡರ್ಡ್ ಇದೆ ಅಂಕಲ್" ಎಂದು ಫೋನ್ ತೆಗೆದ.

ಇದೆ, ನಾನೇ ಓದಿದೆ. ಇಂಟರ್‌ನೆಟ್ಟಿನ ರೀತಿನೀತಿ ಬರೆದಿಡುವ ಆರ್‌ಎಫ್‌ಸಿ ಎಂಬ ಕಡತಗಳ ಸಾಲಿನಲ್ಲಿ 1149ನೆಯದು, ಬರೆದವರು ಡೇವಿಡ್ ವೈಟ್ಸ್‌ಮನ್, 1990ರ ಏಪ್ರಿಲ್ 1. ತಾರೀಕು ನೋಡಿದರೇ ಸಂಗತಿ ತಿಳಿಯುತ್ತದೆ, ಆದರೆ ಧಾಟಿ ಮಾತ್ರ ಅಪ್ಪಟ ಸುತ್ತೋಲೆಯದು. ಪ್ಯಾಕೆಟ್ಟನ್ನು ಕಾಗದದ ಪುಟ್ಟ ಸುರುಳಿಯ ಮೇಲೆ ಅಚ್ಚುಹಾಕಿ, ಹಕ್ಕಿಯ ಒಂದು ಕಾಲಿಗೆ ಸುತ್ತಿ, ಅಂಚಿಗೆ ಟೇಪು ಬಿಗಿಯತಕ್ಕದ್ದು. ಎಷ್ಟು ಕಳಿಸಬಹುದೆಂಬುದಕ್ಕೆ ಕಾಲಿನ ಉದ್ದವೇ ಮಿತಿ. ಒಂದು ಸಲಕ್ಕೆ ಸಾಮಾನ್ಯವಾಗಿ 256 ಮಿಲಿಗ್ರಾಂ; ಹಕ್ಕಿಗೆ ವಯಸ್ಸಾದಷ್ಟೂ ಇದು ಹೆಚ್ಚುತ್ತದೆ. ಈ ಮಾತು ನನಗೆ ಬಹಳ ಹಿಡಿಸಿತು. ಕಂಪ್ಯೂಟರಿನವರ ಕಡೆಯಿಂದ ವಯಸ್ಸಾದವರ ಬಗ್ಗೆ ನಾನು ಕಂಡ ಒಂದೇ ಒಂದು ಒಳ್ಳೆಯ ಮಾತು ಇದು.

ತಮಾಷೆ ಅಲ್ಲಿಗೇ ನಿಲ್ಲಬೇಕಿತ್ತು. 2001ರ ಏಪ್ರಿಲಿನಲ್ಲಿ ನಾರ್ವೆಯ ಬರ್ಗೆನ್ ಊರಿನ ಲಿನಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆ ಬಳಸುವವರ ಬಳಗದವರು ನಿಜವಾದ ಪಾರಿವಾಳಗಳನ್ನೇ ತಂದು ಮಾಡಿ ನೋಡಿದರು. ಕಳಿಸಿದ್ದು 9 ಪ್ಯಾಕೆಟ್, ಉತ್ತರ ಬಂದದ್ದು ನಾಲ್ಕಕ್ಕೆ. ಎಲ್ಲಕ್ಕಿಂತ ಚುರುಕಾಗಿ ಬಂದ ಉತ್ತರಕ್ಕೆ ಸುಮಾರು 53 ನಿಮಿಷ, ಸೋಮಾರಿಗೆ ಒಂದೂಮುಕ್ಕಾಲು ಗಂಟೆ. ಬಂದ ನಾಲ್ಕನ್ನೂ ಲೆಕ್ಕಕ್ಕೆ ಹಿಡಿದರು, ತಡವಾಯಿತೆಂದು ಯಾರೂ ಬಿಸಾಡಲಿಲ್ಲ. ಮರ್ಯಾದಸ್ಥರು.

ಪಾರಿವಾಳಕ್ಕೇನು, ನಮ್ಮ ಯುಟಿಲಿಟಿಯಲ್ಲೂ ಕೊರತೆಯಿಲ್ಲ. ವಾಷಿಂಗ್ ಮೆಷಿನ್ನಿನ ಹಿಂದೆ ನಾಲ್ಕು ಕಡ್ಡಿ ಅಡ್ಡಾದಿಡ್ಡಿ ಇಟ್ಟು, ಅದನ್ನೇ ಗೂಡೆಂದು ನಂಬಿ ಮೊಟ್ಟೆಯಿಡುವ ಜಾತಿ. ಒಗೆದು ಹರವಿದ ಪಂಚೆಯ ಮೇಲೆ ತಲುಪಿಸಬೇಕಾದ್ದನ್ನು ಮಾತ್ರ ತಪ್ಪದೆ ತಲುಪಿಸುತ್ತವೆ. ಅಲ್ಲಿ ಪ್ಯಾಕೆಟ್ ಲಾಸ್ ಸೊನ್ನೆ. ಮರಿ ಇರುವಾಗ ಬಲೆ ಕಟ್ಟಿಸಬೇಡಿ ಅಂತ ಹೆಂಡತಿ. ಯಾವಾಗ ನೋಡಿದರೂ ಮರಿ ಇದ್ದೇ ಇರುತ್ತದೆ. ಕೊನೆಗೊಮ್ಮೆ ಅವಳು ಒಪ್ಪಿದಾಗ ಬಲೆಯವನನ್ನು ಕರೆಸಿದೆ. ಚದರಡಿಗೆ ಇಷ್ಟೆಂದು ಮಾತಾಡಿ, ಅಡ್ವಾನ್ಸ್ ಇಸಕೊಂಡು ಹೋದವನ ಸುಳಿವಿಲ್ಲ. ಫೋನ್ ರಿಂಗಾಗುತ್ತದೆ, ಎತ್ತುವುದಿಲ್ಲ. ಹೋದ ವಾರ ಅದೇನಾಯಿತೋ, ಎತ್ತಿ, "ಸಾರ್, ದಾರೀಲಿದೀನಿ" ಅಂದ.